ಅಪ್ಪನ ಬರಿಯಲ್ಲಿ ನನ್ನ ಹೆಸರು

ನಮ್ಮ ಕರಾವಳಿಯ ಕಡೆ ಬರಿ ಎಂದರೆ ತಾಯಿಯಿಂದ ಬರುವ ವಂಶ. ಅಮ್ಮನ ಬರಿಯೇ ಮಕ್ಕಳದು, ಅಪ್ಪನದಲ್ಲ. ಗಂಡ ಹೆಂಡತಿ ಬೇರೆ ಬೇರೆ ಬರಿಯವರೇ ಆಗಿರಬೇಕು. ನನ್ನ ಅಮ್ಮ ಘಟ್ಟದ ಮೇಲಿನವಳು, ಅವಳಿಗೆ ಬರಿ ಎಂಬುದೇ ಇಲ್ಲ. ಹಾಗಾಗಿ ನನಗೂ ಇಲ್ಲ. ಅಪ್ಪ ಇರುವವರೆಗೆ ಇದು ತಮಾಷೆಯ ಮಾತಾಗಿತ್ತು. ಅಪ್ಪ ತೀರಿಕೊಂಡ ಮೇಲೆ ಬೋಳಾರದಲ್ಲಿರುವ ಅವನ ಕುಟುಂಬದ ಮನೆಯಲ್ಲಿ, ದೈವಗಳಿಗೆ ಸಲ್ಲಿಸುವ ತಂಬಿಲದ ಪ್ರಸಾದಕ್ಕೆ ಒಬ್ಬೊಬ್ಬರನ್ನೇ ಕರೆಯುವಾಗ, ನಾನು ಚಪ್ಪಲಿ ಕಾಯುವವನ ಹಾಗೆ ಅಂಗಳದ ಅಂಚಿನಲ್ಲಿ ನಿಂತಿರುತ್ತಿದ್ದೆ. ಹೋಗು ಎಂದು ಯಾರೂ ಅನ್ನಲಿಲ್ಲ, ಬಾ ಎಂದೂ ಅನ್ನಲಿಲ್ಲ. ಆ ಮನೆಯವನು ಅನ್ನಿಸಿಕೊಳ್ಳುವ ಆಸೆ ಮಾತ್ರ ನಾಚಿಕೆಯಿಲ್ಲದೆ ಉಳಿದುಕೊಂಡಿತ್ತು.

ಅಂಥ ನನ್ನ ಕೈಗೇ ಬಂತು ಈ ಕೆಲಸ. ಕೆಲವು ಕುಟುಂಬಗಳು ಸೇರಿ ತಮ್ಮ ವಂಶಾವಳಿಯನ್ನು ಕಂಪ್ಯೂಟರಿಗೆ ಹಾಕಿಸಲು ಉರ್ವದ ನಮ್ಮ ಸಣ್ಣ ಆಫೀಸಿಗೆ ಬಂದಿದ್ದವು. ಹುಡುಗ ಹುಡುಗಿ ಒಂದೇ ಬರಿಯವರೋ ಎಂದು ಸಂಬಂಧ ನೋಡುವಾಗಲೇ ತಿಳಿಯಬೇಕಿತ್ತು. ಅಪ್ಪನ ಕುಟುಂಬವೂ ಅವುಗಳಲ್ಲಿ ಒಂದು. ನಮ್ಮ ಮುಂದೆ ಎರಡು ಆಂಟಾಲಜಿಗಳಿದ್ದವು, ಅಂದರೆ ಯಾರು ಯಾವ ವರ್ಗಕ್ಕೆ ಸೇರುತ್ತಾರೆಂದು ಯಂತ್ರಕ್ಕೆ ಕಲಿಸುವ ಎರಡು ಚೌಕಟ್ಟುಗಳು. ನಾವು ಬರೆದದ್ದರಲ್ಲಿ ‘ಬರಿ’ ಎಂಬ ವರ್ಗವಿತ್ತು. ಹೊರದೇಶದಿಂದ ಸಿದ್ಧವಾಗಿ ಬಂದದ್ದರಲ್ಲಿ ‘ಫ್ಯಾಮಿಲಿ’ ಇತ್ತು: ಅಪ್ಪ, ಅಮ್ಮ, ಮಕ್ಕಳು. ಜೋಡಿಸುವಾಗ ಟೀಮ್ ಲೀಡ್ ಎರಡೂ ಸಮಾನ ವರ್ಗ ಎಂದು ಒಂದೇ ಸಾಲಿನಲ್ಲಿ ಬರೆದು ಮುಗಿಸಿದ. ಹಾಗಲ್ಲ ಎಂದೆ.

“ಎರಡೂ ಮನೆಯವರ ಗುಂಪೇ ಅಲ್ವಾ? ನಿನ್ನದೊಂದು ರಗಳೆ ಮಾರಾಯ,” ಎಂದ.

ಸಮಾನ ಎಂದು ಒಮ್ಮೆ ಹೇಳಿದರೆ ಯಂತ್ರಕ್ಕೆ ಸಂಕೋಚವಿಲ್ಲ. ಒಂದರಲ್ಲಿರುವ ಎಲ್ಲರನ್ನೂ ಇನ್ನೊಂದಕ್ಕೆ ನೂಕುತ್ತದೆ; ಅಪ್ಪ, ಅಮ್ಮ, ಮಕ್ಕಳೆಲ್ಲ ಒಂದೇ ಬರಿಯವರಾಗಿಬಿಡುತ್ತಾರೆ.

ಮಾಡಿದವನು ಅವನು, ತೋರಿಸಲು ಬೋಳಾರಕ್ಕೆ ಹೋದವನು ನಾನು. ಅಪ್ಪನ ಅಕ್ಕ, ನನ್ನ ಮಾಮಿ, ಈಗ ಆ ಕುಟುಂಬಕ್ಕೆ ಹಿರಿಯರು. ಅವರೂ ಉಳಿದವರೂ ಲ್ಯಾಪ್‌ಟಾಪಿನ ಸುತ್ತ ಕುಳಿತರು. ಮದುವೆಯಾದ ಪ್ರತಿ ಜೋಡಿಯ ಮುಂದೆಯೂ ಕೆಂಪು ಅಕ್ಷರದಲ್ಲಿ ಬಂತು: ಒಂದೇ ಬರಿ, ಸಂಬಂಧ ಕೂಡದು.

“ಎಂತ ಇದು ಮಾರಾಯ? ನಾವೆಲ್ಲ ಅಣ್ಣತಮ್ಮಂದಿರನ್ನೇ ಮದುವೆ ಆದದ್ದಾ?” ಎಂದರು ಮಾಮಿ. ಎಲ್ಲರೂ ಬಿದ್ದು ಬಿದ್ದು ನಕ್ಕರು.

ನನಗೆ ನಗು ಬರಲಿಲ್ಲ. ಪರದೆಯ ಕೆಳಗೆ ಅಪ್ಪನ ಹೆಸರಿನ ಪಕ್ಕದಲ್ಲಿ, ಅಪ್ಪನ ಬರಿಯಲ್ಲಿ, ನನ್ನ ಹೆಸರಿತ್ತು. ಸುಳ್ಳೆಂದು ಗೊತ್ತಿತ್ತು. ಆದರೂ ಹೊಟ್ಟೆ ತಣ್ಣಗಾಯಿತು. ಮನುಷ್ಯರು ಯಾರೂ ಕೊಡದ್ದನ್ನು ಒಂದು ತಪ್ಪು ಸಾಲು ಕೊಟ್ಟಿತ್ತು.

“ಈಗಲೇ ಸರಿ ಮಾಡ್ಲಿಕ್ಕೆ ಆಗ್ತದಾ?” ಎಂದು ಮಾಮಿ ಕೇಳಿದರು.

ಆಗುತ್ತದೆ ಎಂದೆ. ಆಗುವುದಿಲ್ಲ ಎನ್ನಲು ಕಾರಣವೇನಿತ್ತು? ಆ ಸಾಲನ್ನು ಅಳಿಸಿ, ತಾಯಿಯ ಬರಿಯೇ ಮಕ್ಕಳ ಬರಿ ಎಂಬ ನಿಯಮ ಬರೆದೆ. ಕೆಂಪು ಅಕ್ಷರಗಳೆಲ್ಲ ಹೋದವು. ಸೊಸೆಯಂದಿರು ತಮ್ಮ ತಮ್ಮ ಬರಿಗೆ ಮರಳಿದರು, ಅವರ ಮಕ್ಕಳೂ ಜೊತೆಗೆ ಹೋದರು. ನನ್ನ ಹೆಸರಿಗೆ ಹೋಗಲು ಜಾಗವಿರಲಿಲ್ಲ. ಅದರ ಮುಂದೆ ‘ವ್ಯಕ್ತಿ’ ಎಂದಷ್ಟೇ ಉಳಿಯಿತು.

ಮಾಮಿ ಕನ್ನಡಕ ಸರಿಪಡಿಸಿಕೊಂಡು ನೋಡಿದರು. “ನಿನ್ನದು ಖಾಲಿ ಉಂಟಲ್ಲ?”

“ಅದು ಹಾಗೇ, ಮಾಮಿ.”

“ಹೌದಲ್ಲ,” ಎಂದರು, ತುಂಬ ಹಗುರವಾಗಿ. ಆ ಹಗುರತನಕ್ಕೆ ನನ್ನ ಮೈ ಉರಿಯಿತು. ಅಷ್ಟರಲ್ಲೇ ಅವರು ಒಳಗಿನವರಿಗೆ ಎಲೆ ಹಾಕಲು ಹೇಳಿ, ನನ್ನ ಬೆನ್ನು ತಟ್ಟಿದರು. “ಈಗ ಎಲ್ಲ ಸರಿ ಆಯ್ತು. ಊಟ ಮಾಡಿಯೇ ಹೋಗು. ನೀನೆಂತ ಹೊರಗಿನವನಾ?”