ಬರಂಗಿಲ್ರಿ ಅನ್ನಾಕ ಕಲಿಸಿದ್ದು

ನಮ್ಮ ಕಡೆ ಕನ್ಯಾ ನೋಡಲು ಬಂದವರು ಏನು ಕೇಳಿದರೂ ಹುಡುಗಿ ‘ಬರ್ತೈತ್ರಿ’ ಅನ್ನಬೇಕು. ರೊಟ್ಟಿ ಬಡಿಯಾಕ? ಬರ್ತೈತ್ರಿ. ಹೊಲಿಗಿ? ಬರ್ತೈತ್ರಿ. ಹಾಡು? ಅದೂ ಬರ್ತೈತ್ರಿ. ನನ್ನನ್ನು ನೋಡಲು ಇಂಡಿ ಕಡೆಯಿಂದ ಬಂದಾಗ ನಮ್ಮಪ್ಪ ನಾನು ಬಾಯಿ ತೆರೆಯುವವರೆಗೂ ಕಾಯಲಿಲ್ಲ, ತಾನೇ ಎಲ್ಲಕ್ಕೂ ಬರ್ತೈತಿ ಅಂದ. ನನಗೆ ಎಮ್ಮೆ ಹಿಂಡಲು ಬರುತ್ತಿರಲಿಲ್ಲ. ಮದುವೆಯಾದ ವಾರಕ್ಕೆ ಅತ್ತೆ ಚರಗಿ ಕೈಗಿಟ್ಟು ದನದ ಕೊಟ್ಟಿಗೆ ತೋರಿಸಿದಳು. ಎಮ್ಮೆ ಒದ್ದ ಗುರುತು ಇನ್ನೂ ಮೊಣಕಾಲ ಮೇಲಿದೆ. ಸುಳ್ಳು ಹೇಳಿದವನು ಅಪ್ಪ, ಒದೆ ತಿಂದವಳು ನಾನು.

ಈ ಗುರುತು ಕೆಲಸಕ್ಕೆ ಬಂದದ್ದು ಮೊಮ್ಮಗಳ ಕಾಲಕ್ಕೆ. ನನ್ನ ಮಗಳ ಮಗಳು. ಯಂಕಂಚಿಯಲ್ಲಿ ಕಂಪ್ಯೂಟರ್ ಕ್ಲಾಸ್ ಇಲ್ಲ ಅಂತ ಸಿಂದಗಿಯ ನಮ್ಮ ಮನೆಗೆ ಬಂದು ಇದ್ದಳು. ಮನೆಗೊಂದು ಮೊಬೈಲ್ ಬರತೊಡಗಿದ್ದ ಕಾಲ. ಮುದ್ದೇಬಿಹಾಳದ ಒಂದು ಕಾಲೇಜಿನವರು ತಮ್ಮ ಕಂಪ್ಯೂಟರ್ ಕೋಣೆ ನೋಡಿಕೊಳ್ಳುವ ಕೆಲಸಕ್ಕೆ ಸಂದರ್ಶನಕ್ಕೆ ಕರೆದಿದ್ದರು. ಅಲ್ಲಿನ ಮಿಶಿನ್ನುಗಳೆಲ್ಲ ಲಿನಕ್ಸ್ ಅನ್ನುವುದರ ಮೇಲೆ ನಡೆಯುತ್ತಿದ್ದವು. ಈಕೆ ಕಲಿತದ್ದು ವಿಂಡೋಸ್. ಕ್ಲಾಸಿನ ಮೂಲೆಯಲ್ಲಿ ಲಿನಕ್ಸ್ ಇದ್ದ ಮಿಶಿನ್ ಒಂದೇ ಒಂದು. ಕರೆಂಟ್ ಇದ್ದಾಗ, ಬೇರೆ ಯಾರೂ ಕೂತಿರದಾಗ, ಅದರ ಮುಂದೆ ತಾನೇ ತಡಕಾಡಿ ಕಲಿತದ್ದಷ್ಟೇ ಆಕೆಯ ಬಂಡವಾಳ.

ಕೆಲಸ ಸಿಗದಿದ್ದರೆ ಮುಂದೇನು ಅನ್ನುವುದನ್ನು ನನ್ನ ಮಗ, ಅಂದರೆ ಆಕೆಯ ಸೋದರಮಾವ, ಆಗಲೇ ಗೊತ್ತು ಮಾಡಿಟ್ಟಿದ್ದ. ಝಳಕಿಯಲ್ಲಿ ಹೆದ್ದಾರಿಯ ಮೇಲೆ ಖಾನಾವಳಿ ಇದ್ದವರ ಮನೆಯ ಒಬ್ಬ ಹುಡುಗ. ‘ಕೆಲಸ ಆದ್ರ ಮದವಿ ಮಾತು ಎತ್ತಂಗಿಲ್ಲ. ಆಗಲಿಲ್ಲಂದ್ರ ಅಮಾಸಿ ಕಳದ ಮ್ಯಾಲೆ ಅವ್ರು ನೋಡಾಕ ಬರ್ತಾರ’ ಅಂದಿದ್ದ.

ಸಂದರ್ಶನದ ತಯಾರಿಯನ್ನೂ ಅವನೇ ಮಾಡಿಸಿದ. ‘ಏನ್ ಕೇಳಿದ್ರೂ ಬರ್ತೈತ್ರಿ ಅನ್ನು. ಲಿನಕ್ಸ್‌ನಾಗ ಎರಡು ವರ್ಷ ಮಾಡೇನಿ ಅನ್ನು. ಒಳಗ ಹೊಕ್ಕ ಮ್ಯಾಲೆ ಕಲಿತರಾತು.’

ನಾನು ರೊಟ್ಟಿ ಬಡಿಯುತ್ತ ಎಲ್ಲ ಕೇಳಿಸಿಕೊಂಡೆ. ಅವನು ಹೊರಗೆ ಹೋದ ಮೇಲೆ ಹುಡುಗಿಯನ್ನು ಒಲೆಯ ಮುಂದೆ ಕೂಡಿಸಿಕೊಂಡೆ. ಎರಡನೇ ಇಯತ್ತೆಗೆ ಸಾಲಿ ಬಿಟ್ಟವಳು ನಾನು. ಆದರೂ ಸಂದರ್ಶನದ ಸಾಹೇಬಳಾದೆ.

‘ಹೇಳವಾ, ಲಿನಕ್ಸ್ ಬರ್ತೈತೇನು?’

‘ಬರ್ತೈತ್ರಿ.’

‘ಮಿಶಿನ್ ಕೆಟ್ರ ಬಿಚ್ಚಿ ರಿಪೇರಿ ಮಾಡಾಕ?’

‘ಬರ್ತೈತ್ರಿ.’

‘ಲಿನಕ್ಸ್‌ನಾಗ ಎಮ್ಮಿ ಹಿಂಡಾಕ?’

‘ಬರ್ತೈತ್ರಿ.’

ಅಂದವಳೇ ಬಾಯಿ ಮೇಲೆ ಕೈ ಇಟ್ಟುಕೊಂಡಳು. ನಾನು ನಗಲಿಲ್ಲ. ಸೀರೆ ಸರಿಸಿ ಮೊಣಕಾಲು ತೋರಿಸಿದೆ. ‘ನೋಡಿಲ್ಲೆ. ಬರ್ತೈತ್ರಿ ಅಂದಿದ್ದರ ಗುರ್ತು ಇದು.’

‘ಆಯಿ, ಬರಂಗಿಲ್ಲ ಅಂದ್ರ ಕೆಲಸ ಯಾರ್ ಕೊಡ್ತಾರ?’

‘ಕೊಡದಿದ್ರ ಬಿಡ್ಲಿ. ನಿನಗ ಬರೋದೇನೈತಿ, ಅದನ್ನ ಹೇಳು.’

ಹೇಳಿದಳು. ಕರಿ ಪರದೆಯಂತೆ, ಅದರಲ್ಲಿ ಚಿತ್ರ ಇಲ್ಲವಂತೆ, ಅಕ್ಷರ ಬರೆದೇ ಅಪ್ಪಣೆ ಕೊಡಬೇಕಂತೆ. ಯಾವ ಫೈಲು ಎಲ್ಲಿದೆ ಹುಡುಕುವುದು, ನಕಲು ಮಾಡುವುದು, ಯಾರಿಗೆ ಅದನ್ನು ತೆರೆಯಲು ಬಿಡಬೇಕು ಯಾರಿಗೆ ಬಿಡಬಾರದು ಅಂತ ಕಟ್ಟು ಹಾಕುವುದು, ಇಷ್ಟು ಬರುತ್ತಿತ್ತು.

‘ತಪ್ಪು ಬರದ್ರ ಏನ್ ಮಾಡ್ತೈತಿ?’

‘ಈ ಅಪ್ಪಣಿ ನನಗ ಗೊತ್ತಿಲ್ಲ ಅಂತ ಬರೀತೈತಿ.’

‘ಮಿಶಿನ್ನಿಗೆ ಇದ್ದಷ್ಟು ಧೈರ್ಯ ನಿಮ್ಮ ಮಾಮಾಗ ಇಲ್ಲ ನೋಡು.’

ಆಮೇಲೆ ದಿನಾ ಒಲೆಯ ಮುಂದೆ ಅದೇ. ಬರುವುದನ್ನು ಹೇಳುವಾಗ ತಲೆ ಎತ್ತಬೇಕು, ಬರದ್ದನ್ನು ಹೇಳುವಾಗ ಇನ್ನೂ ತುಸು ಎತ್ತಬೇಕು. ತಗ್ಗಿಸಿದರೆ ಮತ್ತೆ ಮೊದಲಿಂದ.

ಮುದ್ದೇಬಿಹಾಳಕ್ಕೆ ನಾನೇ ಜೊತೆಗೆ ಹೋದೆ. ಬಸವನ ಬಾಗೇವಾಡಿಯಲ್ಲಿ ಬಸ್ಸು ಬದಲಿಸುವಾಗ ಚಹಾ ಬೇಡ ಅಂದಳು. ಕಾಲೇಜಿನಲ್ಲಿ ನಾನು ಹೊರಗೆ ಬೆಂಚಿನ ಮೇಲೆ ಕೂತೆ. ಬಾಗಿಲು ತೆರೆದೇ ಇತ್ತು.

‘ಲಿನಕ್ಸ್ ಅನುಭವ ಎಷ್ಟೈತಿ?’ ಒಳಗಿನ ಸಾಹೇಬರು ಕೇಳಿದರು.

‘ಭಾಳ ಇಲ್ರಿ. ಕ್ಲಾಸಿನ್ಯಾಗ ಒಂದ ಮಿಶಿನ್ ಇತ್ತು, ಅದರ ಮ್ಯಾಲೆ ನಾನ ಕಲ್ತೇನ್ರಿ.’

‘ನೆಟ್‌ವರ್ಕ್ ಜೋಡಸಾಕ ಬರ್ತೈತೇನು?’

‘ಬರಂಗಿಲ್ರಿ. ಬರೋದನ್ನ ಇಲ್ಲೇ ಮಾಡಿ ತೋರಸ್ಲೇನ್ರಿ?’

ಗುಂಡಿ ಬಡಿಯುವ ಸದ್ದು ಕೇಳಿತು. ನಡುವೆ ಒಮ್ಮೆ ನಿಂತಿತು. ನಾನು ಎದ್ದು ನಿಂತೆ. ಮತ್ತೆ ಶುರುವಾಯಿತು. ಕೂತೆ. ಕೊನೆಗೆ ತಿಳಸ್ತೇವಿ ಅಂದು ಕಳಿಸಿದರು.

ಮನೆಗೆ ಬಂದು ಹೇಳಿದಾಗ ಮಗ ಹಣೆ ಬಡಿದುಕೊಂಡ. ‘ತಿಳಸ್ತೇವಿ ಅಂದ್ರ ಇಲ್ಲ ಅಂತ, ಯವ್ವಾ! ಕನ್ಯಾ ನೋಡಿ ಹೋದವ್ರೂ ಹಂಗ ಅಂತಾರ.’ ಅಲ್ಲೇ ಝಳಕಿಗೆ ಫೋನ್ ಹಚ್ಚಿದ.

ಅಮಾವಾಸ್ಯೆ ಕಳೆಯಿತು, ಕಾಲೇಜಿನಿಂದ ಸುದ್ದಿ ಇಲ್ಲ. ಝಳಕಿಯವರು ಜೀಪು ತುಂಬ ಬಂದರು. ಹುಡುಗನ ತಾಯಿ ಕೇಳಿದಳು: ‘ಖಾನಾವಳಿ ಮನಿ ನಮ್ದು. ಐವತ್ತು ಮಂದಿಗೆ ರೊಟ್ಟಿ ಬಡಿಯಾಕ ಬರ್ತೈತೇನವಾ?’

ಹುಡುಗಿ ತಲೆ ಎತ್ತಿದಳು. ‘ಬರಂಗಿಲ್ರಿ. ನಾಕ್ ಮಂದಿಗೆ ಬರ್ತೈತಿ. ನಾ ಲಿನಕ್ಸ್ ಕಲಿಯಾಕತ್ತೇನ್ರಿ, ಅದನ್ನ ಬಿಡಂಗಿಲ್ಲ.’

ಮಗ ಕೆಮ್ಮಿದ. ಆ ಹೆಂಗಸು ನನ್ನ ಕಡೆ ತಿರುಗಿದಳು. ‘ಹಿಂಗ ಅನ್ನಾಕ ಯಾರ್ ಕಲಿಸ್ಯಾರ್ರಿ ಈಕಿಗೆ?’

‘ನಾನ ಕಲಿಸೇನ್ರಿ’ ಅಂದೆ. ‘ಉಪ್ಪಿಟ್ಟು ತಿನ್ರಿ, ಆರತೈತಿ.’

ಅವರೂ ತಿಳಸ್ತೇವಿ ಅಂದು ಹೋದರು. ತಿಳಿಸಲಿಲ್ಲ.

ಕಾಲೇಜಿನವರು ತಿಳಿಸಿದರು. ಮಗನ ಮೊಬೈಲಿಗೇ ಫೋನ್ ಬಂತು. ಆರು ತಿಂಗಳು ಹಿರಿಯರೊಬ್ಬರ ಕೈಕೆಳಗೆ ಕೆಲಸ ಮಾಡುತ್ತ ಕಲಿಯಲಿ, ಕಾಯಂ ಮಾಡುವುದನ್ನು ಆಮೇಲೆ ನೋಡೋಣ ಅಂದರಂತೆ.

‘ನೋಡೋಣು ಅಂದ್ರೇನ್ ಯವ್ವಾ? ಕೆಲಸ ಕೊಟ್ಟಂಗೋ, ಇಲ್ಲೋ?’ ಅಂತ ಮಗ ಒಲೆಗೆ ಅಡ್ಡ ನಿಂತು ಕೇಳಿದ.

‘ಆರು ತಿಂಗಳು ಕೊಟ್ಟಾರಲ್ಲ, ಸಾಕು. ಆಕಿಗೆ ಬುತ್ತಿ ಕಟ್ಟಬೇಕು, ಸರಿ ಅತ್ತಾಗ’ ಅಂದೆ.