ಖಾಲಿ ಎಂಟು ಆವರ್ತ

ಆಲ್ಬಮ್ ಚೆನ್ನಾಗಿರಬಾರದು ಎಂದು ಬೇಡಿಕೊಂಡೇ ಹೆಡ್‌ಫೋನ್ ಹಾಕಿಕೊಂಡೆ. ಸುಳ್ಳು ಯಾಕೆ ಹೇಳಲಿ? ಕಾಲೇಜಿನಲ್ಲಿ ನಾನೂ ನನ್ನ ಕ್ಲಾಸಿನ ಗೆಳತಿಯೂ ಸೇರಿ ಕಟ್ಟಿದ ಬ್ಯಾಂಡ್ ಅದು. ಅವಳು ಹಾಡುತ್ತಿದ್ದಳು, ನನ್ನದು ಗಿಟಾರ್. ಈಗ ಅವರ ಮೊದಲ ಆಲ್ಬಮ್ ಬಂದಿತ್ತು, ನಾನಿಲ್ಲದೆ.

ಬಿಟ್ಟವನು ನಾನೇ. ಒಂದು ಸಂಜೆ ಅವಳು ಚಾಮರಾಜಪೇಟೆಯ ನಾಟಕದ ಡ್ರೆಸ್ ಅಂಗಡಿಯಿಂದ ದುರ್ಯೋಧನನ ಭುಜಕೀರ್ತಿ ಬಾಡಿಗೆಗೆ ತಂದು, ಕಣ್ಣಿನ ಸುತ್ತ ಬೆಳ್ಳಿ ಬಣ್ಣ ಬಳಿದುಕೊಂಡು, ತ್ಯಾಗರಾಜನಗರದ ನಮ್ಮ ಟೆರೇಸಿಗೆ ಪ್ರಾಕ್ಟೀಸಿಗೆ ಬಂದಳು. ನನಗೂ ಒಂದು ಜೊತೆ ತಂದಿದ್ದಳು.

"ಏನೇ ಇದು? ಜನ ಹಾಡು ಕೇಳಕ್ಕೆ ಬರ್ತಾರೋ, ಬಯಲಾಟ ನೋಡಕ್ಕೋ?"

"ಎರಡಕ್ಕೂ ಬರ್ಲಿ ಬಿಡೋ. ಒಂದ್ಸಲ ಹಾಕ್ಕೊಂಡ್ ನೋಡು."

ಹಾಕಿಕೊಳ್ಳಲಿಲ್ಲ. ಹೋಗಿ ಅಪ್ಪನ ಟೈಲ್ಸ್ ಅಂಗಡಿಯಲ್ಲಿ ಕೂತೆ. ಆಮೇಲೆ ಅವಳು ಎಷ್ಟು ಸಲ ಫೋನ್ ಮಾಡಿದರೂ ಎತ್ತಲಿಲ್ಲ.

ಆಲ್ಬಮ್ಮಿನ ಕವರಿನಲ್ಲಿ ಅದೇ ಭುಜಕೀರ್ತಿ. ಮೊದಲ ಹಾಡಿನ ಡ್ರಮ್ ಬಿದ್ದದ್ದೇ ಕೌಂಟರ್ ಮೇಲೆ ನನ್ನ ಬೆರಳು ಕುಣಿಯತೊಡಗಿತು. ಹಾಳಾಗಿ ಹೋಗಲಿ, ಎಷ್ಟು ಚೆನ್ನಾಗಿತ್ತು! ಎರಡನೆಯದರಲ್ಲಿ ಹಾಡುತ್ತಾ ಹಾಡುತ್ತಾ ಹರಿಕಥೆ ದಾಸರ ಹಾಗೆ ಮಾತಿಗಿಳಿದು, ಯಾರನ್ನೋ ಬೈದು, ನಕ್ಕು, ಮತ್ತೆ ಹಾಡಿಗೆ ನೆಗೆದಿದ್ದಳು. ಹಿಂದೆ ಸ್ಯಾಕ್ಸೊಫೋನ್ ರಂಪ ಮಾಡುತ್ತಿತ್ತು. ನನ್ನ ಹೊಟ್ಟೆ ಉರಿದುಹೋಯಿತು. ಬಾತ್‌ರೂಮ್ ಟೈಲ್ಸ್ ಕೇಳಿದ ಗಿರಾಕಿಗೆ ಅಡುಗೆಮನೆಯದ್ದು ತೋರಿಸಿದೆ.

ಕೊನೆಯ ಹಾಡಿನಲ್ಲಿ ಸಿಕ್ಕಿತು ತಪ್ಪು. ನಡುವೆ ಅವಳು ಹಾಡು ನಿಲ್ಲಿಸುತ್ತಾಳೆ, ಬರೀ ಡ್ರಮ್ಮು, ಬೇಸು. ಮೇಲೆ ಏನೂ ಇಲ್ಲ. ರಾಮನವಮಿ ಕಚೇರಿಗಳಲ್ಲಿ ಕೂತು ಬೆಳೆದ ನನಗೆ ತೊಡೆ ಮೇಲೆ ತಾಳ ಹಾಕುವ ಚಾಳಿ. ಎಣಿಸಿದೆ. ತಾಳ ಎಂಟು ಸುತ್ತು, ಎಂಟು ಆವರ್ತ, ಪೂರ್ತಿ ಖಾಲಿ. ಸಿಕ್ಕಿಬಿದ್ದಳು! ಆ ಖುಷಿಗೆ ತಿಂಗಳುಗಟ್ಟಲೆ ಮಾಡದ ಫೋನ್ ಮಾಡಿದೆ.

"ಕೇಳ್ದೆ. ಚೆನ್ನಾಗಿದೆ. ಆದ್ರೆ ಕೊನೇ ಹಾಡಲ್ಲಿ ಎಂಟು ಆವರ್ತ ಖಾಲಿ ಬಿಟ್ಬಿಟ್ಟಿದೀಯ. ಏನೋ ಹಾಕೋದು ಮರ್ತೋಗಿದೆ."



"ಮರ್ತಿಲ್ಲ ಕಣೋ. ಕಚೇರೀಲಿ ಹಾಡೋರು ನಿಲ್ಲಿಸಿ ಪಿಟೀಲಿನೋರಿಗೆ ಬಿಡಲ್ವಾ, ಹಂಗೆ ನಿಂಗೆ ಬಿಟ್ಟಿದ್ದು. ರೆಕಾರ್ಡಿಂಗ್ ಮುಗಿಯೋವರ್ಗೂ ಫೋನ್ ಮಾಡ್ದೆ. ನೀನು ಎತ್ತಲಿಲ್ಲ."

"ಬೇರೆ ಯಾರನ್ನಾದ್ರೂ ಕೂರಿಸ್ಬೋದಿತ್ತು."

"ಎಲ್ರೂ ಅದನ್ನೇ ಅಂದ್ರು. ನಂಗೆ ಮನಸ್ಸು ಬರ್ಲಿಲ್ಲ."

"ಈಗ ಬಂದು ನುಡಿಸ್ಲಾ?" ಕೇಳಿದ ಮೇಲೆ ನನಗೇ ನಾಚಿಕೆಯಾಯಿತು.

"ಆಲ್ಬಮ್ ಬಂದಾಯ್ತಲ್ಲೋ. ಇನ್ನು ಅದು ಹಂಗೇ ಇರತ್ತೆ."

ಕಳೆದ ಭಾನುವಾರ ಸಂಜೆ ಬಸವನಗುಡಿಯಲ್ಲಿ ಅವರ ಕಾರ್ಯಕ್ರಮ. ಹೇಳದೆ ಹೋಗಿ ಹಿಂದಿನ ಸಾಲಿನಲ್ಲಿ ಕೂತೆ. ಕೊನೆಯ ಹಾಡು ಬಂತು. ಆ ಜಾಗದಲ್ಲಿ ಅವಳು ಮೈಕಿನಿಂದ ಒಂದು ಹೆಜ್ಜೆ ಹಿಂದೆ ಸರಿದು, ಪಕ್ಕಕ್ಕೆ ಕೈ ಚಾಚಿ ನಿಂತಳು. ಪಕ್ಕದಲ್ಲಿ ಯಾರೂ ಇರಲಿಲ್ಲ. ಎಂಟನೆಯ ಆವರ್ತ ಮುಗಿದಾಗ ಸಭಾಂಗಣ ಹಾರಿಹೋಗುವಂತೆ ಚಪ್ಪಾಳೆ.

"ಇಡೀ ಆಲ್ಬಮಲ್ಲಿ ಇದೇ ಬೆಸ್ಟ್ ಜಾಗ ಸಾರ್. ಏನ್ ತಲೆ ಓಡ್ಸಿದಾರೆ ನೋಡಿ!" ಎಂದರು ಪಕ್ಕದಲ್ಲಿದ್ದ ಅಪರಿಚಿತರು.

ಹೌದು ಎಂದೆ. ನಾನು ಗಿಟಾರ್ ಹಿಡಿದು ನಿಂತಿದ್ದ ಅಷ್ಟು ವರ್ಷಗಳಲ್ಲಿ ಯಾರೂ ನನಗೆ ಹಾಗೆ ಚಪ್ಪಾಳೆ ತಟ್ಟಿರಲಿಲ್ಲ. ನಾನಿಲ್ಲದ ಆ ಎಂಟು ಆವರ್ತದ ಮೇಲೂ ನನಗೆ ಹೊಟ್ಟೆಕಿಚ್ಚಾಯಿತು.