ಬೇಲಿ ಸಂದಿಯಲ್ಲಿ ಕಲಿತ ಯೋಗ

ಆಡಲಾರದವನು ಷಡ್ಡಕನ ಸೊಂಟ ಡೊಂಕು ಅಂದನಂತೆ. ಗಾದೆ ಸುಳ್ಳಾದರೂ ಮುಂದಿನ ಕಥೆ ಸುಳ್ಳಾಗದು. ಸಾಕ್ಷಿಗೆ ಗಾಲ್ಫ್ ಮೈದಾನದ ಅಷ್ಟೂ ಕ್ಯಾಡಿಗಳಿದ್ದಾರೆ.

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಹುಲ್ಲು ಕತ್ತರಿಸುವ ಯಂತ್ರಗಳ ಕೋಣೆಯ ಹಿಂದೆ, ಬೇಲಿ ಗಿಡಗಳ ಸಂದಿಗೆ ಮುಖ ತೂರಿಸಿ ಒಬ್ಬರು ಒಂಟಿ ಕಾಲಲ್ಲಿ ನಿಂತಿದ್ದಾರೆ. ಆಟಗಾರರ ಬ್ಯಾಗ್ ಹೊತ್ತು ಹೊತ್ತು ಸವೆದ ಈ ಹಿರಿಯ ಕ್ಯಾಡಿಯನ್ನು ಎಲ್ಲರೂ ಕರೆಯುವುದು ‘ಗೂಟ’ ಎಂದು. ನೆಟ್ಟರೆ ನೆಟ್ಟಗೆ, ಬಗ್ಗುವ ಮಾತೇ ಇಲ್ಲ. ಬೇಲಿಯಾಚೆ ಚಾಪೆ ಹಾಸಿ ಆಸನ ಹಾಕುತ್ತಿರುವುದು ಇವರ ಹೆಂಡತಿಯ ತಂಗಿಯ ಗಂಡ, ಅದೇ ಮೈದಾನದ ಕ್ಯಾಡಿ ‘ಕೊಕ್ಕರೆ’. ಆಚೆ ಕೈ ಎದ್ದರೆ ಈಚೆಯೂ ಏಳುತ್ತದೆ. ಆಚೆ ಉಸಿರು ಬಿಟ್ಟರೆ ಈಚೆ ಎಲೆ ಅಲ್ಲಾಡುತ್ತದೆ. ಎಲೆಮರೆಯ ಕಾಯಿ ಅಂದರೆ ಇವರೇ ನೋಡಿ. ಹೊಟ್ಟೆಕಿಚ್ಚಿನ ಬಿಸಿಗೇ ಹಣ್ಣಾಗುತ್ತಿರುವ ಕಾಯಿ.

“ಮೊದಲೆಲ್ಲ ಅವನು ಹೊಡೆದ ಚೆಂಡು ಹುಡುಕೋಕೆ ಹೋದೋರು ಊಟಕ್ಕೂ ವಾಪಸ್ ಬರ್ತಿರಲಿಲ್ಲ,” ಎನ್ನುತ್ತಾರೆ ಗೂಟ, ಟವೆಲ್ಲಿನಲ್ಲಿ ಕತ್ತು ಒರೆಸಿಕೊಳ್ಳುತ್ತಾ. “ಈಗ ನೋಡಿ, ನೂಲು ಹಿಡಿದ ಹಾಗೆ ಹೋಗುತ್ತೆ. ನಮ್ಮನೇಲಿ ಬೇರೆ ದಿನಾ ಅದೇ ರಾಗ: ‘ನಮ್ ತಂಗಿ ಗಂಡನ್ನ ನೋಡ್ರೀ, ಬಳ್ಳಿ ಬಳುಕಿದ ಹಾಗೆ ಬಳುಕ್ತಾರೆ!’ ಅಂತ. ನಾನೇನು ಒನಕೆನಾ?” ಹೆಂಡತಿಯ ದನಿಯನ್ನು ಅವರು ಎಷ್ಟು ಚೆನ್ನಾಗಿ ಅನುಕರಿಸುತ್ತಾರೆಂದರೆ, ಅಭ್ಯಾಸ ಅದಕ್ಕೂ ನಡೆದಿರಬೇಕು.

ಕೊಕ್ಕರೆಗೆ ಯೋಗ ಕಲಿಸಿದ್ದು ಇಬ್ಬರಿಗೂ ಹೆಣ್ಣು ಕೊಟ್ಟ ಅತ್ತೆ. ಅವರು ಮನೆ ಮಹಡಿಯ ಮೇಲೆ ಯೋಗದ ತರಗತಿ ನಡೆಸುತ್ತಾರೆ. ಕರೆ ಇಬ್ಬರು ಅಳಿಯಂದಿರಿಗೂ ಬಂದಿತ್ತು. “‘ಅಳಿಯ ಅನ್ನಿಸಿಕೊಂಡೋನು ಅತ್ತೆ ಮುಂದೆ ಕಾಲು ಮೇಲೆ ಮಾಡಿ ಮಲಗೋದಾ?’ ಅಂತ ನಾನು ಮೀಸೆ ತಿರುವಿದೆ. ಅವನಿಗೆ ಮೀಸೆನೇ ಇಲ್ಲವಲ್ಲ, ಹೋಗಿ ಮಲಗಿದ.”

ಅತ್ತೆಯ ಪಾಠ ಸರಳ. “ಗಾಲ್ಫ್ ಆಡೋರು ಯಾವಾಗಲೂ ಒಂದೇ ಕಡೆಗೆ ಬೀಸ್ತಾರೆ. ಮೈಯ ಇನ್ನೊಂದು ಕಡೆ ತುಕ್ಕು ಹಿಡಿಯುತ್ತೆ. ಎರಡೂ ಕಡೆ ತಿರುಗಿದರೆ ಸೊಂಟ ಸಡಿಲವಾಗುತ್ತೆ, ಒಂಟಿ ಕಾಲಲ್ಲಿ ನಿಂತರೆ ಪಾದ ಭದ್ರವಾಗುತ್ತೆ. ಉಸಿರು ಬಿಟ್ಟು ಹೊಡೀಬೇಕು. ನಮ್ಮ ದೊಡ್ಡ ಅಳಿಯಂದ್ರು ಉಸಿರು ಕಟ್ಟಿ ಹೊಡೀತಾರೆ, ಚೆಂಡು ಹೆದರಿ ಪಕ್ಕಕ್ಕೆ ಓಡುತ್ತೆ.”

ಈ ಸೋಮವಾರ ಮೈದಾನಕ್ಕೆ ರಜೆ, ಕ್ಯಾಡಿಗಳಿಗೆ ಪಂದ್ಯ. ಗೆದ್ದವರು ತರಬೇತುದಾರರ ಸಹಾಯಕರಾಗುತ್ತಾರೆ. ಮತ್ತೆ ಬ್ಯಾಗ್ ಹೊರಬೇಕಿಲ್ಲ. “ಗೆದ್ದರೆ ಹೊರೆ ಇಳಿಯುತ್ತೆ, ಸೋತರೆ ಸೊಂಟವೇ ಇಳಿಯುತ್ತೆ,” ಎನ್ನುವಾಗ ಗೂಟದ ಮುಖದಲ್ಲಿ ತಮಾಷೆಯಿಲ್ಲ. ಮೆಟ್ಟಿಲು ಹತ್ತುವಾಗ ಅವರು ಗೋಡೆ ಹಿಡಿಯುವುದನ್ನು ಕೊಕ್ಕರೆಯೂ ನೋಡಿದ್ದಾರೆ.

“ಬೇಲಿ ನನ್ ಜೊತೆ ಉಸಿರಾಡ್ತಿದೆ ಅಂತ ಎಂದೋ ಗೊತ್ತಾಯ್ತು,” ಕೊಕ್ಕರೆ ಪಿಸುಗುಡುತ್ತಾರೆ. “ಕರೆದರೆ ಅಣ್ಣ ಬರಲ್ಲ, ಬಿಗುಮಾನ. ಕದ್ದಾದರೂ ಕಲೀಲಿ ಅಂತ ಸುಮ್ನಿದ್ದೆ. ಆದರೆ ನನ್ ಬುದ್ಧಿ ಸುಮ್ನಿರಬೇಕಲ್ಲ!” ಆ ಬುದ್ಧಿಯ ಫಲವಾಗಿ, ಈಚೆಗೆ ಅವರ ಅಭ್ಯಾಸದ ಕೊನೆಗೊಂದು ಹೊಸ ಆಸನ ಸೇರಿದೆ: ಕುಕ್ಕರಗಾಲಲ್ಲಿ ಕೂತು, ಕೆನ್ನೆ ಉಬ್ಬಿಸಿ, ‘ವಟರ್’ ಎಂದು ಚೆಂಡಿನ ಸುತ್ತ ಕುಪ್ಪಳಿಸುವುದು. ಗುಟ್ಟು ಗೊತ್ತಿಲ್ಲದ ಕ್ಯಾಡಿ ಇಡೀ ಮೈದಾನಕ್ಕೆ ಒಬ್ಬರೇ.

ಸೋಮವಾರ. ಕೊನೆಯ ಕುಳಿಯ ಹತ್ತಿರ ಬರುವಾಗ ಇಬ್ಬರೂ ಎಲ್ಲರಿಗಿಂತ ಮುಂದೆ, ಹೊಡೆತಗಳ ಲೆಕ್ಕದಲ್ಲಿ ಸಮಸಮ. ಕೊಕ್ಕರೆಯ ಚೆಂಡು ಕುಳಿಗೆ ಮೊಳದಷ್ಟೇ ದೂರ. ಗೂಟದ್ದು ಅದಕ್ಕಿಂತ ಎಷ್ಟೋ ಹಿಂದೆ, ಹಾಗಾಗಿ ಮೊದಲ ಸರದಿ ಅವರದು. ಅವರು ಟೋಪಿ ತೆಗೆಯುತ್ತಾರೆ. ಕುಕ್ಕರಗಾಲಲ್ಲಿ ಕೂರುತ್ತಾರೆ. ಕೆನ್ನೆ ಉಬ್ಬುತ್ತದೆ. ‘ವಟರ್!’ ಕ್ಯಾಡಿಗಳೆಲ್ಲ ಟವೆಲ್ ಕಚ್ಚಿಕೊಳ್ಳುತ್ತಾರೆ. ಗೂಟ ಗಂಭೀರವಾಗಿ ಒಂದು ಸುತ್ತು ಕುಪ್ಪಳಿಸಿ, ಯಾರ ಕೈಯನ್ನೂ ಹಿಡಿಯದೆ ಎದ್ದು, ಪಾದ ಊರಿ, ನಿಧಾನ ಉಸಿರು ಬಿಟ್ಟು ಚೆಂಡನ್ನು ತಳ್ಳುತ್ತಾರೆ. ಅದು ಉರುಳಿ ಉರುಳಿ ಕುಳಿಯೊಳಗೆ ಬೀಳುತ್ತದೆ.

ಈಗ ಕೊಕ್ಕರೆಯ ಸರದಿ. ಕಣ್ಣು ಮುಚ್ಚಿ ಹಾಕಬಹುದಾದ ಚೆಂಡು. ಆದರೆ ತಡೆದಿಟ್ಟ ನಗು ಹೊಟ್ಟೆಯಿಂದ ಭುಜಕ್ಕೆ, ಭುಜದಿಂದ ಕೋಲಿಗೆ ಇಳಿದಿದೆ. ಉಸಿರು ಎಲ್ಲೋ, ಕೈ ಎಲ್ಲೋ. ಚೆಂಡು ಕುಳಿಯ ಪಕ್ಕದಲ್ಲೇ ಹಾದು ಆಚೆ ಹೋಗುತ್ತದೆ. ಪಂದ್ಯ ಗೂಟದ ಪಾಲಿಗೆ.

“ಅಣ್ಣಾ... ಆ ಕಪ್ಪೆ...” ಕೊಕ್ಕರೆ ಹುಲ್ಲಿನ ಮೇಲೆ ಕುಸಿಯುತ್ತಾರೆ. “ಅಂಥ ಆಸನವೇ ಇಲ್ಲ ಅಣ್ಣಾ! ನಿನಗೋಸ್ಕರ ನಾನೇ ಕಟ್ಟಿದ್ದು!”

ಗೂಟ ಅವರನ್ನು ನೋಡುತ್ತಾರೆ, ಟವೆಲ್ ಕಚ್ಚಿದ ಅಷ್ಟೂ ಬಾಯಿಗಳನ್ನು ನೋಡುತ್ತಾರೆ. ಮೀಸೆ ಒಮ್ಮೆ ಅದುರುತ್ತದೆ.

“ಕಪ್ಪೆ ಸುಳ್ಳಿರಬಹುದು ಕಣೋ,” ಎನ್ನುತ್ತಾರೆ, “ಚೆಂಡು ನಿಜವಾಗ್ಲೂ ಬಿತ್ತಲ್ಲ!”

ಎಂದವರೇ ಷಡ್ಡಕನ ಪಕ್ಕದಲ್ಲೇ ದಬಕ್ಕನೆ ಕೂತು, ತೊಡೆ ತಟ್ಟಿ, ಕಣ್ಣಲ್ಲಿ ನೀರು ಬರುವವರೆಗೂ ನಗುತ್ತಾರೆ. ಉಳಿದವರೆಲ್ಲ ನಕ್ಕು ಸುಸ್ತಾದ ಮೇಲೂ ಆ ಒಂದು ನಗು ಮೈದಾನದ ತುಂಬ ಕೇಳುತ್ತಲೇ ಇದೆ.